ಶಾಂತಪ್ಪ ಮಲಗಿದ ದಿಕ್ಕು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಯೇಸುಸ್ವಾಮಿಯನ್ನು ನಂಬಿದವರ ಆಶ್ರಮ. ಒಂದು ಪ್ರಾರ್ಥನಾ ಮಂದಿರ, ನಾಲ್ಕಾರು ಹೆಂಚಿನ ಕೋಣೆ, ಹಿತ್ತಿಲಲ್ಲಿ ಬದನೆ ಗಿಡ. ಅಷ್ಟೇ.

ಅಲ್ಲಿಯ ಗುರುಗಳ ಹೆಸರು ಕೃಪಾನಿಧಿ. ವಯಸ್ಸಾಗಿತ್ತು. ಉಡಲು ಒಗೆದೊಗೆದು ಬಣ್ಣ ಹೋದ ಕಾವಿ, ಕೊರಳಲ್ಲಿ ಮರದ ಶಿಲುಬೆ.

ಆ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಜಯಶೀಲ ಎಂಬ ಯುವಕ ಶಿಷ್ಯನಾಗಿ ಬಂದ. ಓದಿದವನು, ಮನಸ್ಸು ಒಳ್ಳೆಯದು. ತಲೆಯಲ್ಲಿ ಮಾತ್ರ ಒಂದೇ ಗುಂಗು. ಕರ್ತನ ಬರೋಣ, ಅಂದರೆ ಯೇಸುಸ್ವಾಮಿ ಮತ್ತೆ ಬರುವ ದಿನ, ಹತ್ತಿರವಾಗಿದೆ, ಇವು ಕಡೇ ದಿನಗಳು, ಸಿದ್ಧನಾಗಿರಬೇಕು.

ಸಿದ್ಧನಾಗಿಯೇ ಇದ್ದ ಪಾಪ. ಒಗೆದ ಬಿಳಿ ಬಟ್ಟೆಯ ಗಂಟು ತಲೆಯ ಹತ್ತಿರ. ಚಪ್ಪಲಿ ಬಾಗಿಲ ಕಡೆ ತಿರುಗಿಸಿ ಇಟ್ಟದ್ದು. ಗುಡುಗಿದರೆ ಸಾಕು, ಎದ್ದು ಕೂರುತ್ತಿದ್ದ. ಮಳೆಗಾಲದಲ್ಲಿ ಇದು ಬಹಳ ಕಷ್ಟದ ಭಕ್ತಿ.

"ಗುರುಗಳೇ, ಆ ದಿನ ಯಾವಾಗ ಬರುತ್ತೆ?"

"ಗೊತ್ತಿಲ್ಲ."

"ಗುರುತುಗಳೆಲ್ಲ ಕಾಣ್ತಾ ಇವೆ. ಯುದ್ಧ, ಭೂಕಂಪ, ಪ್ರವಾಹ..."

"ನಮ್ಮಜ್ಜಿಗೂ ಕಂಡಿದ್ದವು."

"ಹಾಗಾದ್ರೆ ಬರೋದೇ ಇಲ್ವಾ?"

"ಬರುತ್ತೆ."

"ಬರುತ್ತೆ ಅಂತ ಹೇಗೆ ಗೊತ್ತು?"

"ಬದನೆಕಾಯಿ ಬಲಿತು ಹೋಗ್ತಾ ಇದೆ. ಕುಯ್ದುಕೊಂಡು ಬಾ."

ಜಯಶೀಲ ಕುಯ್ಯುತ್ತ ಯೋಚಿಸಿದ. ಇದು ಉತ್ತರವೋ, ಅಡಿಗೆಯ ಚಿಂತೆಯೋ? ಬಹಳ ಹೊತ್ತು ಯೋಚಿಸಿದ. ಅದು ಅಡಿಗೆಯ ಚಿಂತೆಯೇ ಆಗಿತ್ತು ಅಂತ ನನ್ನ ಅನಿಸಿಕೆ.

ಆಶ್ರಮದ ಪಕ್ಕದ ಮನೆಯಲ್ಲಿ ಶಾಂತಪ್ಪ ಇದ್ದ. ಹಗ್ಗ ಹೊಸೆಯುವ ಮುದುಕ. ಚಿಕ್ಕಂದಿನಲ್ಲಿ ಜ್ವರ ಬಂದು ಎರಡು ಕಿವಿಯೂ ಹೋಗಿದ್ದವು. ಮಾತು ಬರುತ್ತಿತ್ತು, ಆದರೆ ತನ್ನ ದನಿ ತನಗೇ ಕೇಳದ್ದರಿಂದ ಗುಟ್ಟು ಹೇಳಿದರೂ ಆಚೆ ದಂಡೆಗೆ ಮುಟ್ಟುತ್ತಿತ್ತು. ಅವನನ್ನು ಕರೆಯಬೇಕಾದರೆ ಹೆಂಡತಿ ಎಸ್ತರಮ್ಮ ಹೋಗಿ ಭುಜ ತಟ್ಟಬೇಕು. ಮದುವೆಯಾದಾಗಿನಿಂದ ತಟ್ಟುತ್ತಲೇ ಬಂದಿದ್ದಳು.

ಪ್ರತಿ ಭಾನುವಾರ ಶಾಂತಪ್ಪ ಮಂದಿರದಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದ. ಗುರುಗಳು ಪ್ರಸಂಗ ಮಾಡುವಷ್ಟು ಹೊತ್ತೂ ಅವರ ಮುಖವನ್ನೇ ನೋಡುತ್ತಿದ್ದ. ಕಿವಿ ಇದ್ದವರು ತೂಕಡಿಸುತ್ತಿದ್ದರು. ಅವನು ಒಂದು ದಿನವೂ ತೂಕಡಿಸಿದವನಲ್ಲ.

ಒಮ್ಮೆ ಜಯಶೀಲ ಕೈಸನ್ನೆ ಮಾಡಿ ಕೇಳಿದ. ಏನೂ ಕೇಳಿಸುವುದಿಲ್ಲವಲ್ಲ, ಏನು ತಿಳಿಯುತ್ತದೆ?

"ಅಯ್ಯನೋರ ಮುಖ ನೋಡಿದ್ರೆ ಎಲ್ಲಾ ತಿಳೀತದೆ!" ಎಂದು ಶಾಂತಪ್ಪ ಕೂಗಿದ. ಪ್ರಾರ್ಥನೆಗೆ ತಲೆ ಬಗ್ಗಿಸಿದ್ದವರೆಲ್ಲ ಬೆಚ್ಚಿಬಿದ್ದರು.

ಮಳೆ ಬಲವಾಯಿತು. ಸೂರ್ಯನ ಮುಖ ಕಂಡು ಎಷ್ಟೋ ದಿನವಾಗಿತ್ತು. ಹೊಳೆ ಉಕ್ಕಿ ಮಂದಿರದ ಹಿಂದಿನ ಸ್ಮಶಾನಕ್ಕೆ ನುಗ್ಗಿತು. ಗುರುಗಳು ಜ್ವರ ಬಂದು ಮಲಗಿದರು. ಅದೇ ದಿನಗಳಲ್ಲಿ ಶಾಂತಪ್ಪ ಒಂದು ಮಧ್ಯಾಹ್ನ ಹಗ್ಗ ಹೊಸೆಯುತ್ತಾ ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಎಸ್ತರಮ್ಮ ಬಂದು ಭುಜ ತಟ್ಟಿದಳು. ಮತ್ತೆ ತಟ್ಟಿದಳು.

ಮಣ್ಣು ಮಾಡುವ ಕೆಲಸ ಜಯಶೀಲನ ಪಾಲಿಗೆ ಬಂತು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಆ ಸಭೆಯವರು, ಅಂದರೆ ಆ ಮಂದಿರಕ್ಕೆ ಸೇರಿದವರು, ಸತ್ತವರನ್ನು ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಟ್ಟು ಮಲಗಿಸುತ್ತಾರೆ. ಕರ್ತನು ಪೂರ್ವದಿಂದ ಬರುತ್ತಾನೆ. ಕಹಳೆ ಊದಿದಾಗ ಸತ್ತವರು ಎದ್ದು ಕೂತರೆ ಮುಖ ನೇರ ಅವನ ಕಡೆಗೇ ಇರಬೇಕು. ಗುರುಗಳನ್ನು ಮಾತ್ರ ತಿರುಗಿಸಿ ಮಲಗಿಸುತ್ತಾರೆ. ಅವರು ಎದ್ದಾಗ ಮೊದಲು ತಮ್ಮ ಜನರನ್ನು ನೋಡಬೇಕು, ಯಾರು ಎದ್ದರು, ಯಾರು ಇನ್ನೂ ಏಳಲಿಲ್ಲ ಎಂದು. ಮಂದಿರದ ಹಿಂದೆ ಹಳೆಯ ಗುರುಗಳ ಸಾಲಿನಲ್ಲಿ ಕೃಪಾನಿಧಿಗಳ ಜಾಗವೂ ಆಗಲೇ ಗುರುತಾಗಿತ್ತು. ಈಗ ಅದರ ಮೇಲೆ ನೀರು ನಿಂತಿತ್ತು.

ಹೊಳೆಯ ತಿರುವಿನಾಚೆ, ಎದುರು ದಂಡೆಯಲ್ಲಿ, ಸಭೆಗೆ ಸೇರಿದ ಒಂದು ದಿಬ್ಬವಿತ್ತು. ಅಲ್ಲಿ ಅದುವರೆಗೆ ಯಾರನ್ನೂ ಮಣ್ಣು ಮಾಡಿರಲಿಲ್ಲ. ಶಾಂತಪ್ಪನನ್ನು ಅಲ್ಲಿಗೆ ಒಯ್ಯುವುದೆಂದಾಯಿತು. ಅಂಬಿಗರ ಭರಮಣ್ಣ, ಅವನ ತಮ್ಮ, ಜಯಶೀಲ, ಪೆಟ್ಟಿಗೆ. ಆ ಪ್ರವಾಹದಲ್ಲಿ ಹರಿಗೋಲಿಗೆ ಅಷ್ಟೇ ಭಾರ ಸಾಕಾಗಿತ್ತು. ಎಸ್ತರಮ್ಮ ಗೋಣಿಚೀಲ ತಲೆಗೆ ಹಾಕಿಕೊಂಡು ಈಚೆ ದಂಡೆಯಲ್ಲೇ ನಿಂತಳು.

ಹೊರಡುವ ಮುಂಚೆ ಅವಳು ಜಯಶೀಲನ ತೋಳು ಹಿಡಿದಳು.

"ಅಯ್ಯಾ, ಒಂದು ಮಾತು. ಅವರಿಗೆ ಕಿವಿ ಕೇಳಂಗಿಲ್ಲ."

"ಗೊತ್ತಮ್ಮ."

"ಆ ದಿನ ಕಹಳೆ ಊದ್ತಾರೆ ಅಂತೀರಿ. ಎಲ್ಲಾರೂ ಕೇಳಿ ಎದ್ದು ಹೋಗ್ತಾರೆ. ಇವರಿಗೆ ಹೆಂಗೆ ತಿಳೀಬೇಕು?"

"ಅಮ್ಮಾ, ಅಲ್ಲಿ ಎಲ್ಲರ ಕಿವಿಯೂ ಸರಿಹೋಗುತ್ತೆ."

"ಏಳೋಕೆ ಮುಂಚೆನೋ, ಎದ್ದ ಮೇಲೋ?"

ಇದನ್ನು ಜಯಶೀಲ ಎಲ್ಲೂ ಓದಿರಲಿಲ್ಲ.

"ನಾನು ಹತ್ರ ಇದ್ದಿದ್ರೆ ತಟ್ಟಿ ಎಬ್ಬಿಸ್ತಿದ್ದೆ" ಎಂದಳು ಎಸ್ತರಮ್ಮ. "ಮಳೆ ನಿಂತ ಮೇಲೆ ಮಗಳು ಬಂದು ಕರ್ಕೊಂಡು ಹೋಗ್ತಾಳೆ. ನನ್ನ ಮಣ್ಣು ಅವಳ ಊರಾಗೇ. ಆ ದಿಬ್ಬದ ಮೇಲೆ ಇವರೊಬ್ಬರೇ."

"ಅಮ್ಮಾ, ಅದಕ್ಕೇ ಪೂರ್ವಕ್ಕೆ ಮುಖ ಮಾಡಿ ಮಲಗಿಸೋದು. ಕಿವಿಗೆ ಕೇಳದಿದ್ರೂ ಕಣ್ಣಿಗೆ ಕಾಣುತ್ತೆ. ಕಣ್ಣು ಬಿಟ್ಟ ಕೂಡಲೇ ಎದುರಿಗೇ ಕರ್ತನು. ನಾನು ಮಾತು ಕೊಡ್ತೀನಿ."

ಅವಳ ಮುಖ ಸ್ವಲ್ಪ ತಿಳಿಯಾಯಿತು. ತೋಳು ಬಿಟ್ಟಳು.

ಹರಿಗೋಲು ನೀರಿಗಿಳಿದದ್ದೇ ಬುಗುರಿ ಹಾಗೆ ತಿರುಗತೊಡಗಿತು. ಆ ದಂಡೆ ಈ ದಂಡೆಯಾಯಿತು, ಈ ದಂಡೆ ಆ ದಂಡೆಯಾಯಿತು. ಜಯಶೀಲ ಕಣ್ಣು ಮುಚ್ಚಿ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತ. ದಿಬ್ಬ ಹತ್ತಿದಾಗಲೂ ತಲೆ ಗಿರ್ರೆನ್ನುತ್ತಿತ್ತು. ಮೇಲೆ ನೋಡಿದರೆ ಮೋಡ. ಸುತ್ತ ನೋಡಿದರೆ ಮಳೆ.

"ಯಾವ ಕಡೆಗೆ ತೋಡಬೇಕು ಅಯ್ಯಾ?" ಎಂದ ಭರಮಣ್ಣ. ಅವರ ಜನರ ಪದ್ಧತಿಯೇ ಬೇರೆ.

ಜಯಶೀಲ ಹೊಳೆಯನ್ನು ನೋಡಿದ. ಹೊಳೆ ಪೂರ್ವಕ್ಕೆ ಹರಿಯುತ್ತದೆ. ಆಶ್ರಮದ ಮುಂದೆ ದಿನಾ ನೋಡುತ್ತಿದ್ದ.

"ನೀರು ಹೋಗೋ ಕಡೆಗೆ ಕಾಲು" ಎಂದ.

ಹಗ್ಗ ಇಳಿಬಿಟ್ಟರು. ಶಾಂತಪ್ಪನೇ ಹೊಸೆದ ಹಗ್ಗ. ಪೆಟ್ಟಿಗೆ ಅಲುಗದೆ ಕೆಳಗಿಳಿಯಿತು. ಜಯಶೀಲ ಮಳೆಯಲ್ಲಿ ನೆನೆಯುತ್ತಾ ಪ್ರಾರ್ಥನೆ ಮಾಡಿದ. ಚೆನ್ನಾಗಿಯೇ ಮಾಡಿದ.

ಮಳೆ ಹೊಳವಾಗಿ ಮೋಡ ಚೆದುರಿದ ಮೇಲೆ ಒಂದು ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕಾಗುವ ಮುಂಚೆ, ಜಯಶೀಲ ಭರಮಣ್ಣನ ಜೊತೆ ಮತ್ತೆ ಆ ದಿಬ್ಬಕ್ಕೆ ಹೋದ. ಹೆಗಲ ಮೇಲೆ ಮರದ ಶಿಲುಬೆ. ಶಾಂತಪ್ಪನ ತಲೆಯ ಕಡೆ ನೆಟ್ಟು, ಅಲ್ಲೇ ನಿಂತು, ಶಾಂತಪ್ಪನ ಮುಖ ಯಾವ ಕಡೆಗಿತ್ತೋ ಅದೇ ಕಡೆಗೆ ತಾನೂ ಮುಖ ಮಾಡಿ ಪ್ರಾರ್ಥನೆಗೆ ತೊಡಗಿದ.

ಬೆನ್ನು ಬೆಚ್ಚಗಾಯಿತು.

ಕಣ್ಣು ಬಿಟ್ಟ. ತನ್ನ ನೆರಳು ಸಮಾಧಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ತಿರುಗಿ ನೋಡಿದ. ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಿದ್ದ.

ಬಂತು! ಕೊನೆಗೂ ಬಂತು! ಜಯಶೀಲ ಕೆಸರಲ್ಲೇ ಮೊಣಕಾಲೂರಿದ. ಎರಡು ಕೈ ಮೇಲೆತ್ತಿದ. ಕಣ್ಣಲ್ಲಿ ನೀರು. ಬಿಳಿ ಬಟ್ಟೆಯ ಗಂಟು ಕೋಣೆಯಲ್ಲೇ ಉಳಿಯಿತಲ್ಲಾ ಎಂದು ಒಂದು ಕ್ಷಣ ಅಳುಕಿದ. ಆಮೇಲೆ ಅದನ್ನೂ ಬಿಟ್ಟ. ಕಹಳೆಗೆ ಕಿವಿಗೊಟ್ಟು ಕಾದ.

"ಅಯ್ಯಾ" ಎಂದು ಕೆಳಗಿನಿಂದ ಭರಮಣ್ಣ ಕೂಗಿದ. "ಬಿಸಿಲು ಬಂತು. ಹೊರಡಾಣ?"

ಜಯಶೀಲ ಎತ್ತಿದ ಕೈ ಹಾಗೇ ಹಿಡಿದು ಹೊಳೆಯ ಕಡೆ ನೋಡಿದ. ಬೆಳಕಿನಲ್ಲಿ ಈಗ ಎಲ್ಲಾ ಕಾಣುತ್ತಿತ್ತು. ಆಶ್ರಮದ ಮುಂದೆ ಪೂರ್ವಕ್ಕೆ ಹರಿಯುವ ಹೊಳೆ ತಿರುವು ದಾಟಿ, ದಿಬ್ಬವನ್ನು ಬಳಸಿಕೊಂಡು, ಬಂದ ಕಡೆಗೇ ವಾಪಸು ಹರಿಯುತ್ತಿತ್ತು.

ಸೂರ್ಯ ತನ್ನ ದಿಕ್ಕಿನಲ್ಲೇ ಇದ್ದ. ಶಾಂತಪ್ಪ ಇರಲಿಲ್ಲ.

ಆಶ್ರಮದಲ್ಲಿ ಗುರುಗಳು ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದರು. ಜ್ವರ ಇಳಿದಿತ್ತು, ಮೈ ಮಾತ್ರ ಸೋತಿತ್ತು. ಜಯಶೀಲ ಕೆಸರುಗಾಲಲ್ಲೇ ಒಳಗೆ ಬಂದು ಎಲ್ಲವನ್ನೂ ಹೇಳಿದ. ಯಾವುದನ್ನೂ ಮುಚ್ಚಿಡಲಿಲ್ಲ, ಕೈ ಮೇಲೆತ್ತಿದ್ದನ್ನೂ.

ಗುರುಗಳು ನಗಲಿಲ್ಲ. ನಾನಾಗಿದ್ದರೆ ನಗುತ್ತಿದ್ದೆ.

"ಆ ದಿನ ಬಂತು ಅಂತ ಅನ್ನಿಸ್ತು, ಅಲ್ವಾ?"

"ಹೌದು ಗುರುಗಳೇ."

"ಆಗ ಏನು ಮಾಡ್ದೆ?"

"ಮೊಣಕಾಲೂರಿದೆ. ಕಾದೆ."

"ಶಾಂತಪ್ಪ ಎದ್ನಾ ಅಂತ ನೋಡಿದ್ಯಾ?"

ಸಮಾಧಿ ಜಯಶೀಲನ ಬೆನ್ನ ಹಿಂದೆಯೇ ಇತ್ತು. ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

"ಇಲ್ಲ" ಎಂದ.

ಗುರುಗಳು ಗಂಜಿ ಮುಗಿಸಿದರು.

"ಗುರುಗಳೇ, ಸಮಾಧಿ ಅಗೆದು ಅವರನ್ನ ತಿರುಗಿಸಿ ಮಲಗಿಸ್ತೀನಿ. ಇವತ್ತೇ."

"ಯಾಕೆ? ದಿಕ್ಕು ತಪ್ಪಿದ್ರೆ ಕರ್ತನಿಗೆ ಅವನು ಸಿಗೋದಿಲ್ವಾ?"

"ಸಿಗ್ತಾರೆ. ನಿಜ. ದಿಕ್ಕಿನಲ್ಲಿ ಏನಿದೆ? ಹಾಗಾದ್ರೆ ಹಾಗೇ ಬಿಟ್ಬಿಡ್ತೀನಿ."

"ಏನೂ ಇಲ್ಲ ಅಂದ್ರೆ ಯಾಕೆ ಓಡಿಬಂದೆ?"

"ಗುರುಗಳೇ, ದಿಕ್ಕು ಮುಖ್ಯವೋ ಅಲ್ವೋ? ಒಂದು ಹೇಳಿ."

"ನನಗೂ ಗೊತ್ತಿಲ್ಲ."

ಜಯಶೀಲ ತಲೆ ಹಿಡಿದುಕೊಂಡು ಕೂತ. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು.

"ಗುರುಗಳನ್ನ ಹಾಗೇ ತಾನೇ ಮಲಗಿಸೋದು, ಪಶ್ಚಿಮಕ್ಕೆ ಮುಖ ಮಾಡಿ? ಎಸ್ತರಮ್ಮನಿಗೆ ಹಾಗೇ ಹೇಳೋಣ. ಶಾಂತಪ್ಪನವರಿಗೆ ಗುರುಗಳ ಮರ್ಯಾದೆ ಕೊಟ್ಟಿದ್ದೀವಿ ಅಂತ. ಅವರಿಗೂ ಸಂತೋಷ ಆಗುತ್ತೆ."

"ಹೇಳು ನೋಡೋಣ."

"ಈಗಲೇ ಹೋಗ್ತೀನಿ."

"ಮೊದಲು ನನಗೆ ಹೇಳು. ನಾನೇ ಎಸ್ತರಮ್ಮ. ನನ್ನ ಮುಖ ನೋಡ್ಕೊಂಡು ಹೇಳು."

ಜಯಶೀಲ ಗುರುಗಳ ಮುಖ ನೋಡಿದ. "ಅಮ್ಮಾ, ಶಾಂತಪ್ಪನವರಿಗೆ" ಎಂದು ಶುರುಮಾಡಿದ. ಮತ್ತೆ ಶುರುಮಾಡಿದ. ಆಗಲಿಲ್ಲ.

"ಹೋಗಿ ಹೇಳು" ಎಂದರು ಗುರುಗಳು. "ಆದದ್ದನ್ನ ಹೇಳು."

ಎಸ್ತರಮ್ಮ ಜಗುಲಿಯ ಮೇಲೆ ಬಟ್ಟೆ ಗಂಟು ಕಟ್ಟುತ್ತಿದ್ದಳು. ಮಾರನೆಯ ದಿನ ಮಗಳು ಬರುವವಳಿದ್ದಳು. ಗೋಡೆಯ ಮೊಳೆಯಲ್ಲಿ ಅರ್ಧ ಹೊಸೆದ ಹಗ್ಗ ನೇತಾಡುತ್ತಿತ್ತು.

ಜಯಶೀಲ ಹೇಳಿದ. ಅವಳು ಗಂಟು ಬಿಟ್ಟು ಕೇಳಿದಳು.

"ಅಂದ್ರೆ ಬೆನ್ನು?"

"ಬೆನ್ನು ಪೂರ್ವಕ್ಕಿದೆ ಅಮ್ಮಾ."

"ಕಿವಿ ಇಲ್ಲದೋರಿಗೆ ಬೆನ್ನನ್ನೂ ತಿರುಗಿಸಿಬಿಟ್ಯಾ?"

ಅವಳು ಅಯ್ಯಾ ಅನ್ನುವುದನ್ನು ಬಿಟ್ಟಿದ್ದಳು.

"ಮಾತು ಕೊಟ್ಟಿದ್ದೆ ನೀನು. ನನ್ನ ಮುಂದೆ ನಿಂತ್ಕೊಂಡು ಕೊಟ್ಟಿದ್ದೆ. ಆ ಮಾತು ನೆಚ್ಚಿಕೊಂಡು ನಾನು ಇಷ್ಟು ದಿನ ನಿದ್ದೆ ಮಾಡೀನಿ. ಎಲ್ಲಾರೂ ಎದ್ದು ಹೋಗಿರ್ತಾರೆ, ಇವರೊಬ್ಬರು ಅತ್ತ ತಿರುಗಿ ಸುಮ್ಮನೆ ಕೂತಿರ್ತಾರೆ. ಸಂತೆಯಾಗೆ ಹಂಗೇ ಆಗ್ತಿತ್ತು. ನಾನು ಹುಡುಕ್ಕೊಂಡು ಬರೋತನಕ ಕೂತೇ ಇರ್ತಿದ್ರು. ಯಾರನ್ನೂ ಕೇಳ್ತಿರಲಿಲ್ಲ."

ಅವಳಿಗೆ ಅಳು ಬಂತು. ಜಯಶೀಲನಿಗೂ ಬಂತು. ಇಬ್ಬರೂ ಜಗುಲಿಯ ಮೇಲೆ ಕೂತು ಅತ್ತರು.

"ಅಮ್ಮಾ, ನೀವು ಹೂಂ ಅಂದ್ರೆ ಈಗಲೇ ಅಗೆದು ತಿರುಗಿಸ್ತೀನಿ."

"ಮುಟ್ಟಬ್ಯಾಡ!" ಎಂದಳು. "ಇಷ್ಟು ದಿನ ಆದ ಮೇಲೆ ಅವರನ್ನ ಹೊರಗೆ ತೆಗೀತೀಯಾ? ನಿದ್ದೆ ಹತ್ತಿದೋರನ್ನ ನಾನೇ ಎಬ್ಬಿಸ್ತಿರಲಿಲ್ಲ."

"ಹಾಗಾದ್ರೆ ಹಾಗೇ ಬಿಡ್ಲಾ?"

"ಹಂಗೇನೂ ಬಿಡಬ್ಯಾಡ."

"ಅಮ್ಮಾ, ತೆಗೀಬೇಡ ಅಂತೀರಿ, ಬಿಡಬೇಡ ಅಂತೀರಿ. ಏನು ಮಾಡ್ಲಿ?"

"ನನಗೇನು ಗೊತ್ತು? ಮಾತು ಕೊಟ್ಟೋನು ನೀನು. ನಾಳೆ ನಾನು ಬಸ್ಸು ಹತ್ತೋದ್ರಾಗೆ ಏನಾದ್ರೂ ಹೇಳು. ಇಲ್ಲಾಂದ್ರೆ ನಾನು ಬಸ್ಸು ಹತ್ತಂಗಿಲ್ಲ."

ಜಯಶೀಲ ಮರಳಿ ಬಂದು ಅವಳ ಮಾತನ್ನು ಒಪ್ಪಿಸಿದ. ಗುರುಗಳು ಕೇಳುತ್ತಾ ಕಂಬಳಿ ಹೊದ್ದುಕೊಂಡರು. ಜಯಶೀಲನಿಗೆ ರೇಗಿತು.

"ಗುರುಗಳೇ, ನಾನು ಇಲ್ಲಿಗೆ ಬಂದದ್ದು ಆ ದಿನಕ್ಕೆ ಸಿದ್ಧನಾಗೋದು ಹೇಗೆ ಅಂತ ಕಲಿಯೋಕೆ. ಇದ್ದದ್ದೂ ಕಲಸಿಹೋಯ್ತು. ಗುರುತುಗಳೆಲ್ಲ ನನಗೆ ಬಾಯಿಪಾಠ. ಒಬ್ಬ ಮುದುಕರನ್ನ ಸರಿಯಾಗಿ ಮಲಗಿಸೋಕೆ ಆಗ್ಲಿಲ್ಲ. ಅವರು ಎದ್ದಾಗ ಕತ್ತಲೆ ನೋಡ್ತಾರೆ. ನನ್ನಿಂದ."

"ಕತ್ತಲೆ ಅಂತ ಯಾರು ಹೇಳಿದ್ರು?"

"ಪಶ್ಚಿಮಕ್ಕೆ ಅಲ್ಲಿ ಏನಿದೆ?"

"ನೀನೇ ನೋಡಿ ಬಂದಿದ್ದೀಯ. ಏನಿದೆ?"

"ಏನೂ ಇಲ್ಲ. ಖಾಲಿ ಜಾಗ. ಹುಲ್ಲು."

"ಎಷ್ಟು ಜಾಗ?"

"ಒಬ್ಬಿಬ್ಬರು ಮಲಗೋಷ್ಟು ಇರಬಹುದು. ಆಮೇಲೆ ಇಳಿಜಾರು."

ಗುರುಗಳು ಗೋಡೆ ಹಿಡಿದು ಎದ್ದು ನಿಂತರು.

"ಭರಮಣ್ಣನಿಗೆ ಹೇಳು, ನಾಳೆ ಬೆಳಗ್ಗೆ ಹರಿಗೋಲು ಬೇಕು ಅಂತ. ಎಸ್ತರಮ್ಮನಿಗೂ ಹೇಳು."

"ನೀವು ಬರ್ತೀರಾ? ಈ ಮೈಯಲ್ಲಿ?"

"ಇನ್ನೊಂದು ಮೈ ಎಲ್ಲಿಂದ ತರಲಿ?"

ಮಾರನೆಯ ಬೆಳಗ್ಗೆ ಹೊಳೆ ಶಾಂತವಾಗಿತ್ತು. ಹರಿಗೋಲು ನಿಧಾನವಾಗಿ ತಿರುಗುತ್ತಾ ಸಾಗಿತು. ಎಸ್ತರಮ್ಮ ಜಯಶೀಲನಿಗೆ ಬೆನ್ನು ಮಾಡಿ ಕೂತಿದ್ದಳು. ಜಯಶೀಲ ಈ ಸಲ ಕಣ್ಣು ಮುಚ್ಚಲಿಲ್ಲ. ಸೂರ್ಯನನ್ನೇ ನೋಡುತ್ತಾ ಕೂತ. ಹೊಳೆ ಬಾಗಿದ ಹಾಗೆಲ್ಲ ಕತ್ತು ತಿರುಗಿಸಿ ತಿರುಗಿಸಿ ಅವನಿಗೆ ಕತ್ತು ನೋವು ಬಂತು.

ಗುರುಗಳನ್ನು ಭರಮಣ್ಣ ಹೆಚ್ಚುಕಡಿಮೆ ಎತ್ತಿಕೊಂಡೇ ದಿಬ್ಬ ಹತ್ತಿಸಿದ.

ಎಸ್ತರಮ್ಮ ಸಮಾಧಿಯನ್ನು ಮೊದಲ ಸಲ ನೋಡಿದಳು. ಒದ್ದೆ ಮಣ್ಣಿನ ಮೇಲೆ ಕೈಯಿಟ್ಟಳು. ಅಭ್ಯಾಸಬಲದಿಂದ ಮೆಲ್ಲಗೆ ತಟ್ಟಿದಳು.

ಗುರುಗಳು ಕೋಲೂರಿಕೊಂಡು ಶಾಂತಪ್ಪನ ಕಾಲಿನ ಕಡೆಗೆ ಹೋದರು. ಅಲ್ಲಿಂದ ಇನ್ನೂ ನಾಲ್ಕು ಹೆಜ್ಜೆ ಪಶ್ಚಿಮಕ್ಕೆ ಹೋಗಿ ನಿಂತರು. ಸಮಾಧಿಯ ಕಡೆಗೆ, ಅದರಾಚೆಯ ಸೂರ್ಯನ ಕಡೆಗೆ ತಿರುಗಿದರು. ಆಮೇಲೆ ಕೋಲು ಬದಿಗಿಟ್ಟು, ಕುಕ್ಕುರುಗಾಲಲ್ಲಿ ಕೂತು, ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟರು.

"ಗುರುಗಳೇ!" ಎಂದು ಜಯಶೀಲ ಓಡಿದ. ಬಿದ್ದರೆಂದೇ ಅವನು ತಿಳಿದಿದ್ದ.

"ಸುಮ್ನಿರು. ನನ್ನ ಕಾಲು ಎಲ್ಲಿದೆ?"

"ಪೂರ್ವಕ್ಕಿದೆ."

"ಸರಿಯಾಗಿ ನೋಡಿ ಹೇಳು. ನಿನ್ನ ಪೂರ್ವ ನನಗೆ ಗೊತ್ತು."

"ಸೂರ್ಯನ ಕಡೆಗೇ ಇದೆ ಗುರುಗಳೇ. ಶಾಂತಪ್ಪನವರ ಕಾಲಿಗೆ ಎದುರಾಗಿ."

"ಈ ಕಡೆ ಆ ಕಡೆ ಕಲ್ಲಿಟ್ಟು ಗುರುತು ಮಾಡು. ನನ್ನನ್ನ ಇಲ್ಲಿ ಮಲಗಿಸಬೇಕು."

ಜಯಶೀಲನಿಗೆ ಅರ್ಥವಾಗಲಿಲ್ಲ.

"ನಿಮ್ಮ ಜಾಗ ಮಂದಿರದ ಹಿಂದೆ ಇದೆಯಲ್ಲಾ? ಗುರುಗಳ ಸಾಲಿನಲ್ಲಿ?"

"ಅಲ್ಲಿ ಈಗ ಮೀನು ಇವೆ."

"ನೀರು ಇಳಿಯುತ್ತೆ. ಮತ್ತೆ, ಗುರುಗಳನ್ನ ಹೀಗೆ ಮಲಗಿಸೋದಿಲ್ಲ. ತಮ್ಮ ಸಭೆಯ ಕಡೆ ಮುಖ ಇರಬೇಕು. ಅದು ಪದ್ಧತಿ."

"ಪದ್ಧತಿ ಪ್ರಕಾರವೇ ಮಲಗಿದ್ದೀನಿ. ಇಲ್ಲಿರೋ ಸಭೆ ಅವನೊಬ್ಬನೇ. ಅವನ ಕಡೆಗೇ ಇದೆ ನನ್ನ ಮುಖ."

ಎಸ್ತರಮ್ಮ ಸಮಾಧಿಯ ಮೇಲಿಂದ ಕೈ ತೆಗೆದಳು. ಮಲಗಿದ್ದ ಗುರುಗಳನ್ನೂ ಮಣ್ಣನ್ನೂ ಮತ್ತೆ ಮತ್ತೆ ನೋಡಿದಳು. ಶಾಂತಪ್ಪ ಎದ್ದು ಕೂತರೆ ಹೇಗಿರುತ್ತದೆ, ಗುರುಗಳು ಎದ್ದು ಕೂತರೆ ಹೇಗಿರುತ್ತದೆ ಎಂದು ಕಣ್ಣಲ್ಲೇ ಅಳೆದಳು. ಅವಳಿಗೆ ಜಯಶೀಲನಿಗಿಂತ ಮೊದಲು ತಿಳಿಯಿತು.

"ಎದುರಾಬದುರಾ" ಎಂದಳು. "ಭಾನುವಾರ ಕೂತಂಗೆ."

"ಹೌದು ತಾಯಿ" ಎಂದರು ಗುರುಗಳು. "ಅವನಿಗೆ ಕಹಳೆ ಕೇಳಿಸಲ್ಲ. ಕರ್ತನು ಬೆನ್ನ ಹಿಂದೆ. ಆದ್ರೆ ಕಣ್ಣು ಬಿಟ್ಟರೆ ಎದುರಿಗೆ ನಾನು. ಆ ಬೆಳಕೆಲ್ಲ ನನ್ನ ಮುಖದ ಮೇಲೆ ಬಿದ್ದಿರುತ್ತೆ. ನೋಡ್ತಾನೆ. ನೋಡಿ ತಿರುಗ್ತಾನೆ."

ಎಸ್ತರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಜಯಶೀಲನಿಗೆ ತಿಳಿಯಲಿಲ್ಲ. ಎರಡೂ ಇದ್ದೀತು.

"ತಿರುಗ್ತಾರೆ ಅಯ್ಯನೋರೇ" ಎಂದಳು. "ನಿಮ್ಮ ಮುಖ ನೋಡಿ ಅವರು ಒಂದು ದಿನಾನೂ ತಪ್ಪು ತಿಳ್ಕೊಂಡಿಲ್ಲ. ಮನೆಗೆ ಬಂದು ನನಗೆ ಪ್ರಸಂಗ ಪೂರ್ತಿ ಹೇಳೋರು. ನಾನು ಕೇಳಿದ್ದಕ್ಕಿಂತ ಜಾಸ್ತಿನೇ ಹೇಳೋರು."

"ಮತ್ತೆ ಬಸ್ಸು?" ಎಂದರು ಗುರುಗಳು.

"ಹತ್ತೀನಿ. ಆದ್ರೆ ಅಯ್ಯನೋರೇ, ಅವತ್ತು ಮುಖ ಗಂಟು ಹಾಕ್ಕೊಂಡು ಏಳಬ್ಯಾಡಿ. ನೀವು ಬೆಳಗ್ಗೆ ಎದ್ದಾಗ ಮುಖ ಗಂಟು ಹಾಕ್ಕೊಂಡಿರ್ತೀರಿ. ಎಲ್ಲಾರಿಗೂ ಗೊತ್ತು."

"ಅಭ್ಯಾಸ ಮಾಡ್ಕೊಳ್ತೀನಿ" ಎಂದರು ಗುರುಗಳು. "ಇನ್ನೂ ಸ್ವಲ್ಪ ದಿನ ಇದೆ."

ಅವಳು ದಿಬ್ಬ ಇಳಿದು ಹರಿಗೋಲಿನ ಕಡೆ ನಡೆದಳು. ನಡುವೆ ಒಮ್ಮೆ ನಿಂತು ಶಾಂತಪ್ಪನ ಶಿಲುಬೆಯ ಕಡೆ ತಿರುಗಿ, ಕಿವಿ ಕೇಳದವರಿಗೆ ಮಾಡುವ ಹಾಗೆ ಕೈ ಬೀಸಿದಳು. ಮತ್ತೆ ನಡೆದಳು.

ಜಯಶೀಲ ಕಲ್ಲು ಆರಿಸಿ ತಂದ. ಗುರುಗಳ ತಲೆಯ ಹತ್ತಿರ ಒಂದಿಟ್ಟ, ಪಾದದ ಹತ್ತಿರ ಒಂದಿಟ್ಟ. ಇಟ್ಟ ಮೇಲೆ ಸೂರ್ಯನನ್ನು ಇನ್ನೊಮ್ಮೆ ನೋಡಿದ. ಸರಿಯಾಗಿತ್ತು. ಆದರೂ ಮನಸ್ಸು ತಿಳಿಯಾಗಲಿಲ್ಲ.

"ಗುರುಗಳೇ."

"ಏನಪ್ಪಾ?"

"ಆ ದಿನ ನಿಜವಾಗ್ಲೂ ಹೀಗೇ ನಡೆಯುತ್ತಾ? ಎದ್ದು ಕೂರೋದು, ತಿರುಗೋದು, ಮುಖ ನೋಡೋದು?"

"ಗೊತ್ತಿಲ್ಲ."

"ಗೊತ್ತಿಲ್ದೇ ನಿಮ್ಮ ಜಾಗ ಬಿಟ್ಟುಕೊಟ್ರಾ?"

"ಹೌದು."

"ಹಾಗಾದ್ರೆ ನಾನು ಯಾವುದಕ್ಕೆ ಸಿದ್ಧನಾಗ್ಲಿ? ಹೇಗೆ ಸಿದ್ಧನಾಗ್ಲಿ? ನನಗೆ ಈಗ ಏನೂ ಗೊತ್ತಾಗ್ತಾ ಇಲ್ಲ. ಒಂದಾದ್ರೂ ಖಚಿತವಾದ ಮಾತು ಹೇಳಿ."

ಗುರುಗಳು ಮಲಗಿದಲ್ಲೇ ಆಕಾಶ ನೋಡುತ್ತಿದ್ದರು. ಬಿಸಿಲು ಅವರ ಮುಖದ ಮೇಲಿತ್ತು. ಏಳಲೆಂದು ಮೊಣಕೈ ಊರಿದರು. ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ, ಅರ್ಧಕ್ಕೆ ಬಿಟ್ಟು, ಜಯಶೀಲನ ಕಡೆಗೆ ಕೈ ಚಾಚಿದರು.

"ಕೈ ಕೊಡಪ್ಪಾ, ಎಬ್ಬಿಸು. ಅವತ್ತು ಏಳೋಕೆ ನಿನ್ನನ್ನ ಕೇಳಲ್ಲ."